ಡೂಕಪ್ಪನಿಗೆ ನೀರು ಹಾಕುವ ಹೊತ್ತು

ನಮ್ಮ ಮನೆಯಲ್ಲಿ ತಣ್ಣಗಿದ್ದ ಜಾಗ ಒಂದೇ ಒಂದು, ಅದು ಹುಳದ ಮನೆ. ಬೈರಕೂರು ಕಡೆಯ ಬಿಸಿಲು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮಣ್ಣಿನ ಮಾಳಿಗೆ ಮನೆ ನಮ್ಮದು. ಬಾಗಿಲು ದಾಟಿದರೆ ನಡುಮನೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಬಿದಿರ ತಟ್ಟೆಗಳಲ್ಲಿ ರೇಷ್ಮೆಹುಳು ಸಾಕುವ ಕೋಣೆ. ಮೂರರಲ್ಲಿ ದೊಡ್ಡದು ಹುಳಕ್ಕೆ, ಮಿಕ್ಕಿದ್ದು ನಮಗೆ. ಹುಳದ ಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದರು, ನೆಲಕ್ಕೆ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದರು. ನಾವು ಮೂರು ಹೆಂಗಸರು, ಅಂದರೆ ಅಜ್ಜಿ, ಅಮ್ಮ, ನಾನು, ನಡುಮನೆಯಲ್ಲಿ ಸೆರಗಿನಿಂದ ಗಾಳಿ ಬೀಸಿಕೊಂಡು ಕೂತಿರುತ್ತಿದ್ದೆವು. ಅಮ್ಮ ಕೈಕಾಲು ತೊಳೆಯದೆ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಹೂ ಮುಡಿದು ಹೋಗುವ ಹಾಗಿಲ್ಲ, ಒಗ್ಗರಣೆ ಹಾಕಿದ ಕೈಯಲ್ಲಿ ಹೋಗುವ ಹಾಗಿಲ್ಲ, ಮುಟ್ಟಾದವರು ಆ ಬಾಗಿಲ ಕಡೆ ಮುಖ ಕೂಡ ತಿರುಗಿಸುವ ಹಾಗಿಲ್ಲ. ನನಗೆ ಜ್ವರ ಬಂದರೆ ಒಂದು ಲೋಟ ಕಷಾಯ ಕುಡಿಸಿ ಮಲಗು ಅನ್ನುತ್ತಿದ್ದರು. ಹುಳಕ್ಕೆ ಜ್ವರ ಬಂದರೆ ಮನೆಯೆಲ್ಲ ಪಿಸುಮಾತು. ಹುಳದ ಜ್ವರ ಅಂದರೆ ಕಾಯಿಲೆಯಲ್ಲ. ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ಸುಮ್ಮನಿದ್ದು, ಪೊರೆ ಕಳಚುವುದು. ಹೀಗೆ ನಾಲ್ಕು ಜ್ವರ ಎದ್ದ ಮೇಲೆ ಒಂದು ವಾರ ಎಡೆಬಿಡದೆ ತಿಂದು, ಮೈ ಹಳದಿಯಾಗಿ, ಹಣ್ಣಾಗಿ, ಗೂಡು ಕಟ್ಟುತ್ತವೆ. ಆ ವಾರ ನಮ್ಮ ಮನೆಯಲ್ಲಿ ಸತ್ತರೂ ಯಾರಿಗೂ ಪುರುಸೊತ್ತು ಇರುತ್ತಿರಲಿಲ್ಲ.

ಇಂಥ ಮನೆಗೆ ಒಂದು ಬುಲ್‌ಡಾಗು ಬಂತು. ಚಿನ್ನದ ಗಣಿಯಲ್ಲಿ ಕೆಲಸದಲ್ಲಿದ್ದ ಒಬ್ಬ ಬಿಳಿ ದೊರೆ ಭಾನುವಾರಗಳಲ್ಲಿ ನಮ್ಮ ಊರ ಕಡೆ ಕೌಜುಗ ಹೊಡೆಯಲು ಬರುತ್ತಿದ್ದ. ಯಾವ ಪೊದೆಯಲ್ಲಿ ಹಕ್ಕಿ ಇದೆ ಅಂತ ತೋರಿಸುವವರು ನಮ್ಮ ಅಪ್ಪ. ದೊರೆ ಕನ್ನಡ ಬಾರದವನು, ಅಪ್ಪ ಇಂಗ್ಲಿಷು ಬಾರದವರು, ಇಬ್ಬರಿಗೂ ಮಾತಿಲ್ಲದೆಯೇ ಚೆನ್ನಾಗಿ ಹೊಂದಿಕೆಯಾಗಿತ್ತು. ಯುದ್ಧ ಶುರುವಾಗಿ ದೊರೆಗೆ ಕರೆ ಬಂತು. ಬಂಗಲೆ ಬಿಡಬೇಕಾಯಿತು. ದೊರೆಸಾನಿ ನೀಲಗಿರಿಯಲ್ಲಿದ್ದ ನೆಂಟರ ಮನೆಗೆ ಹೊರಟಳು, ಆ ಮನೆಯಲ್ಲಿ ನಾಯಿ ಸೇರಿಸುವುದಿಲ್ಲವಂತೆ. ತನ್ನದೇ ಮನೆ ಹುಡುಕಿಕೊಂಡು ಮಳೆ ಹಿಡಿಯುವ ಮೊದಲು ಬಂದು ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಇಟ್ಟುಕೊಳ್ಳಿ ಅಂತ ಡ್ರೈವರ್ ಕೈಲಿ ಹೇಳಿಸಿದಳು. ಅಪ್ಪ ಹೂಂ ಅಂದುಬಿಟ್ಟರು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕಾರು ಬಂದು ನಿಂತು, ಅದರೊಳಗಿಂದ ಅಪ್ಪ ಆ ಪ್ರಾಣಿಯನ್ನು ಎತ್ತಿಕೊಂಡು ಇಳಿದರು. ಬಿಳಿ ಮೈ, ಬೆನ್ನ ಮೇಲೆ ಕಂದು ಮಚ್ಚೆ, ಡೊಂಕು ಕಾಲು, ಮೂಗು ಇರಬೇಕಾದ ಜಾಗದಲ್ಲಿ ಬರೀ ಸುಕ್ಕು. ಅಜ್ಜಿ ಗಡಿಯಾಚೆಯ ಊರಿನವಳು, ಗಾಬರಿಯಾದರೆ ತೆಲುಗೇ ಬರುತ್ತಿತ್ತು.

"ಅಯ್ಯೋ ದೇವುಡಾ, ಇದೇಮಿ ಕುಕ್ಕರಾ, ಇದೆಂಥಾ ನಾಯಿ! ಯಾರೋ ಮೂತಿ ಜಜ್ಜಿಬಿಟ್ಟವ್ರಲ್ಲೋ ಪಾಪ!"

"ಅದರ ಜಾತಿನೇ ಹಂಗಂತೆ ಕಣಮ್ಮ," ಅಂದರು ಅಪ್ಪ.

"ಇದಕ್ಕೂ ಒಂದು ಜಾತಿ!" ಅಂತ ಅಜ್ಜಿ ಹಣೆ ಚಚ್ಚಿಕೊಂಡಳು.

ಅದರ ಹೆಸರು ಡ್ಯೂಕ್. ವಾರದೊಳಗೆ ಅಜ್ಜಿಯ ಬಾಯಲ್ಲಿ ಡೂಕಪ್ಪ ಆಯಿತು, ಊರಿಗೂ ಅದೇ ಆಯಿತು. ಡ್ರೈವರ್ ಹೋಗುವ ಮೊದಲು ಅದನ್ನು ನೋಡಿಕೊಳ್ಳುವ ರೀತಿ ಹೇಳಿದ. ಅಮ್ಮ ಒಲೆ ನೋಡಲು ಒಳಗೆ ಹೋಗಿದ್ದಳು, ಅಜ್ಜಿಗೆ ಕಿವಿ ಮಂದ, ಅಪ್ಪ ಕಾರು ನೋಡುತ್ತಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ. ಮುಖದ ಸುಕ್ಕುಗಳನ್ನು ದಿನಾ ಬಟ್ಟೆಯಿಂದ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಕೆರೆಗೆ ಇಳಿಸಬಾರದು, ಮುಳುಗಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ ಬಿಸಿಲು. ಈ ಜಾತಿಗೆ ಉಸಿರು ಸಲೀಸಾಗಿ ಆಡುವುದಿಲ್ಲ, ಬಿಸಿಲೇರಿದರೆ ಮೈ ತಣಿಸಿಕೊಳ್ಳಲು ಬರುವುದಿಲ್ಲ. ನೆರಳಲ್ಲಿ ಮಲಗಿಸಿ, ಮಧ್ಯಾಹ್ನ ಒದ್ದೆ ಗೋಣಿ ಹೊದಿಸಬೇಕು. ಗೋಣಿ ಒಣಗಿದರೆ ಮತ್ತೆ ನೀರು ಹಾಕಬೇಕು. ಇದನ್ನು ಅವನು ಎರಡು ಸಲ ಹೇಳಿದ, ಕೊನೆಗೆ ನನ್ನ ಮುಖ ನೋಡಿಕೊಂಡು ಹೇಳಿದ.

ನಾನು ಮಾಡಿದೆ. ಇಲ್ಲಿ ನನ್ನನ್ನು ನಾನು ಹೊಗಳಿಕೊಳ್ಳುತ್ತಿಲ್ಲ, ಮಾಡಿದ್ದನ್ನು ಹೇಳುತ್ತಿದ್ದೇನೆ. ಹಳೇ ಸೀರೆಯ ತುಂಡಿನಿಂದ ಅದರ ಸುಕ್ಕುಗಳನ್ನು ಒಂದೊಂದಾಗಿ ಬಿಡಿಸಿ ಒರೆಸುವಾಗ ಅದು ಕಣ್ಣು ಮುಚ್ಚಿಕೊಂಡು ಗೊರಗೊರ ಅನ್ನುತ್ತಿತ್ತು. ಮೊದಲ ದಿನ ಮುದ್ದೆ ಹಾಕಿದಾಗ ಬಾಯಿಯ ಅಂಗುಳಕ್ಕೆ ಅಂಟಿಕೊಂಡು, ನಾಲಿಗೆ ಹೊರಳಿಸಿ ಹೊರಳಿಸಿ ಒದ್ದಾಡಿ, ನನ್ನ ಕಡೆ ಏನೇ ಇದು ಅನ್ನುವ ಹಾಗೆ ನೋಡಿತು. ಆಮೇಲೆ ಹುರುಳಿ ಸಾರಿನಲ್ಲಿ ಕಲಸಿ ತೆಳ್ಳಗೆ ಮಾಡಿ ಹಾಕಿದೆ, ತಟ್ಟೆ ನೆಕ್ಕಿತು. ಸಂತೆಯ ದಿನ ಅಪ್ಪ ಮುಳಬಾಗಿಲಿನಿಂದ ಮೂಳೆ ತರುತ್ತಿದ್ದರು. ರಾತ್ರಿ ಅದರ ಗೊರಕೆ ಎಷ್ಟಿತ್ತೆಂದರೆ ಅಜ್ಜಿ "ನಿಮ್ಮ ತಾತ ವಾಪಸ್ ಬಂದವ್ರೆ" ಅನ್ನುತ್ತಿದ್ದಳು, ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅತ್ತೆ ಸೊಸೆ ಒಟ್ಟಿಗೆ ನಕ್ಕಿದ್ದು ನನ್ನ ನೆನಪಿನಲ್ಲಿ ಆ ನಾಯಿಯ ವಿಷಯಕ್ಕೇ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಡೂಕಪ್ಪ ತಾನೇ ಒಂದು ಜಾಗ ಹುಡುಕಿಕೊಂಡ. ಹುಳದ ಮನೆಯ ಬಾಗಿಲ ಕೆಳಗಿನ ಸಂದಿನಿಂದ ತಂಪು ಬರುತ್ತಿತ್ತಲ್ಲ, ಅಲ್ಲಿ ಹೊಸ್ತಿಲಿಗೆ ಗದ್ದ ಊರಿ ಹೊಟ್ಟೆ ನೆಲಕ್ಕೆ ಹಾಕಿ ಮಲಗುತ್ತಿದ್ದ. ಅಮ್ಮ ಮೊದಲು ಅಟ್ಟಿದಳು. ಒಳಗೆ ಕಾಲಿಡುವುದಿಲ್ಲ ಅಂತ ಗೊತ್ತಾದ ಮೇಲೆ ದಾಟಿಕೊಂಡು ಓಡಾಡಿದಳು. ಮಧ್ಯಾಹ್ನ ನಾನು ಬಾವಿಯಿಂದ ನೀರು ಸೇದಿ ಗೋಣಿ ಒದ್ದೆ ಮಾಡಿ ಹೊದಿಸುತ್ತಿದ್ದೆ. ಬಾವಿಯ ರಾಟೆ ಕಿರ್ರೋ ಅಂದ ಕೂಡಲೇ ಅದು ಬಾಲವಿಲ್ಲದ ಹಿಂಭಾಗ ಅಲ್ಲಾಡಿಸುತ್ತಿತ್ತು. ನನಗೆ ಆಗ ಹದಿಮೂರೋ ಏನೋ. ನನ್ನದು ಅಂತ ಮನೆಯಲ್ಲಿ ಮತ್ತೇನೂ ಇರಲಿಲ್ಲ, ಅದರ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದೆ.

ಯುಗಾದಿ ಆಗಿ ಸ್ವಲ್ಪ ದಿನಕ್ಕೆ ನಾನು ಮೈನೆರೆದೆ. ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ಅಮ್ಮನ ಮುಖದಲ್ಲಿ ಸಂತೋಷ ಮತ್ತು ಸಂಕಟ ಎರಡೂ ಒಟ್ಟಿಗೆ ಕಂಡವು.

"ಇವತ್ತೇ ಆಗಬೇಕಿತ್ತೇನೇ ನಿಂಗೆ, ಇನ್ನೊಂದು ವಾರ ತಡೀಬಾರದಿತ್ತಾ," ಅಂದಳು, ನಾನು ಬೇಕೂಂತ ಮಾಡಿದ ಹಾಗೆ.

ಶ್ರೀನಿವಾಸಪುರದ ಕಡೆಯಿಂದ ಸೋದರಮಾವ ಬಂದ. ನಮ್ಮಲ್ಲಿ ಹುಡುಗಿ ದೊಡ್ಡವಳಾದರೆ ಅವಳಿಗೆ ಹಸಿರು ಗುಡ್ಲು ಹಾಕುವ ಹಕ್ಕು ಸೋದರಮಾವನದು. ಅತ್ತಿ, ಹೊಂಗೆ, ಮಾವಿನ ಕೊಂಬೆ ಕಡಿದು ತಂದು ಹಿತ್ತಲಲ್ಲಿ ಒಂದು ಆಳು ಕೂರುವಷ್ಟು ಗುಡ್ಲು ಕಟ್ಟಿದ. ಒಳಗೆ ಒಂದು ಚಾಪೆ, ಒಂದು ಚೊಂಬು, ನಾನು. ಬಾಗಿಲಿಗೆ ಅಡ್ಡಲಾಗಿ ಒಂದು ಒನಕೆ ಮಲಗಿಸಿದರು. ಒಂಬತ್ತು ದಿನ ಆ ಒನಕೆ ದಾಟಬಾರದು, ಗಂಡಸರ ಕಣ್ಣಿಗೆ ಬೀಳಬಾರದು, ಗಂಟಲೆತ್ತಿ ಮಾತಾಡಬಾರದು. ಅಮ್ಮ ಒಂದು ಮಾತು ಸೇರಿಸಿದಳು.

"ಹುಳ ಹಣ್ಣಾಗೋ ಹೊತ್ತು ಕಣೇ. ನೀನು ಒನಕೆ ದಾಟಿದ್ರೆ ತಟ್ಟೆ ತಟ್ಟೆನೂ ಸಪ್ಪೆ ರೋಗ ಹತ್ತಿ ಹೋಯ್ತದೆ. ನಿಮ್ಮಪ್ಪ ತಲೆ ಮೇಲೆ ಟವಲ್ ಹಾಕ್ಕೊಂಡು ಕೂರಬೇಕಾಯ್ತದೆ. ತಿಳೀತಾ?"

"ತಿಳೀತು," ಅಂದೆ.

ತಿಳಿಯದೆ ಇದ್ದದ್ದು ಡೂಕಪ್ಪನಿಗೆ. ಮೊದಲ ದಿನವೇ ಗುಡ್ಲು ಹುಡುಕಿಕೊಂಡು ಬಂತು. ಒನಕೆಯ ಮೇಲಿಂದ ಮೂತಿ ತೂರಿಸಿ, ಹೊಟ್ಟೆ ಎಳೆದುಕೊಂಡು ಒಳಗೆ ಬಂದು, ನನ್ನ ಪಾದದ ಮೇಲೆ ಬಿದ್ದುಕೊಂಡಿತು. ಹಸಿ ಎಲೆ, ತಂಪು, ಅದಕ್ಕೆ ಸ್ವರ್ಗ. ನನಗೂ. ಅರ್ಧ ಗಂಟೆ ಕಳೆದು ಎದ್ದು ನಡುಮನೆಗೆ ಹೋಗಿ ಹುಳದ ಮನೆಯ ಹೊಸ್ತಿಲ ಮೇಲೆ ಗದ್ದ ಊರಿತು. ಅಜ್ಜಿ ಕಿರುಚಿಕೊಂಡ ಸದ್ದು ನನಗೆ ಗುಡ್ಲೊಳಗೆ ಕೇಳಿಸಿತು.

"ಮುಟ್ಟಿಸ್ಕೊಂಡು ಬಂದೈತೆ! ಅವಳನ್ನ ಮುಟ್ಟಿಸ್ಕೊಂಡು ನೆಟ್ಟಗೆ ಹುಳದ ಬಾಗಿಲಿಗೇ ಬಂದೈತೆ!"

"ನಾಯಿಗೆಲ್ಲಿ ಮೈಲಿಗೆ ಬಿಡಮ್ಮ," ಅಂದರು ಅಪ್ಪ.

"ನಾಯಿಗಿಲ್ಲ ಕಣೋ, ಹುಳಕ್ಕೈತೆ!"

ಮಾವ ಡೂಕಪ್ಪನನ್ನು ಕರೆದುಕೊಂಡು ಹೋಗಿ ಹಿತ್ತಲ ಆ ತುದಿಯಲ್ಲಿದ್ದ ಹುಲ್ಲಿನ ಬಣವೆಯ ಪಡುವಣಕ್ಕೆ, ಕರು ಕಟ್ಟುವ ಗೂಟಕ್ಕೆ ಕಟ್ಟಿದ. ಮುಂದೆ ಮಣ್ಣಿನ ಬಾನಿಯಲ್ಲಿ ತುಂಬ ನೀರಿಟ್ಟ. ಯಾರೂ ಕೆಟ್ಟವರಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ. ಕರುವಿಗೆ ಏನು ಮಾಡುತ್ತಿದ್ದರೋ ಅದನ್ನೇ ನಾಯಿಗೂ ಮಾಡಿದರು. ಬೆಳಿಗ್ಗೆ ಬಣವೆಯ ಪಡುವಣಕ್ಕೆ ನೆರಳು. ಹೊತ್ತು ತಲೆಯ ಮೇಲೆ ಬಂದಾಗ ನೆರಳು ಹೋಗುತ್ತದೆ, ಆಗ ಕರುವನ್ನು ಬಿಚ್ಚಿ ಮೂಡಣದ ಗೂಟಕ್ಕೆ ಕಟ್ಟುವುದು. ಒಂದು ದಿನ ಮರೆತರೂ ಕರು ಒಂದೆರಡು ಸಲ ಅಂಬಾ ಅನ್ನುತ್ತದೆ, ಸಾಯುವುದಿಲ್ಲ. ನಾನು ಅಮ್ಮನಿಗೆ ಗೋಣಿಯ ವಿಷಯ ಹೇಳಿದೆ, ಮಾವನಿಗೂ ಹೇಳು ಅಂದೆ. ಹೇಳಿದಳು. ಮಾವ ಎರಡು ದಿನ ನೀರು ಹಾಕಿ ಊರಿಗೆ ಹೋದ. ಆಮೇಲೆ ಎರಡು ದಿನ ಅಮ್ಮನೇ ಗೊಣಗಿಕೊಂಡು ಹಾಕಿದಳು. ರಾಟೆ ಕಿರ್ರೋ ಅಂದಾಗ ನಾನು ಗುಡ್ಲೊಳಗೆ ಕಾಲು ಚಾಚಿ ಕೂರುತ್ತಿದ್ದೆ. ಅಷ್ಟು ಹೊತ್ತು ನನ್ನ ಮೈ ಬಿಗಿಹಿಡಿದಿರುತ್ತಿತ್ತು ಅಂತ ಆಗ ಗೊತ್ತಾಗುತ್ತಿತ್ತು.

ಐದನೆಯ ದಿನ ಹುಳ ಹಣ್ಣಾಯಿತು. ಹಣ್ಣಾಗುವುದೆಂದರೆ ಎಲ್ಲವೂ ಒಟ್ಟಿಗೆ ಹಣ್ಣಾಗುತ್ತವೆ. ಹಳದಿಯಾದ ಒಂದೊಂದು ಹುಳವನ್ನೂ ಕೈಯಿಂದ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಹೆಣೆದ ಬಿದಿರ ತಟ್ಟಿಗೆ, ಬಿಡಬೇಕು. ತಡವಾದರೆ ನೂಲು ತಟ್ಟೆಯಲ್ಲೇ ಉಗುಳಿ ಹಾಳು. ಪಕ್ಕದ ಮನೆಯ ಹೆಂಗಸರೂ ಬಂದು ಕೂತಿದ್ದರು. ಅಪ್ಪ ಚಂದ್ರಿಕೆ ಎತ್ತಿ ಇಡುತ್ತಿದ್ದರು. ಅಜ್ಜಿಯನ್ನು ಮಾತ್ರ ನನ್ನ ಕಾವಲಿಗೆ ಗುಡ್ಲ ಮುಂದೆ ಕೂರಿಸಿದ್ದರು. ಹೊತ್ತು ನೆತ್ತಿಗೆ ಬಂತು. ಎಲೆಯ ಸಂದಿನಿಂದ ಬಣವೆಯ ಒಂದು ಮೂಲೆ ಕಾಣುತ್ತಿತ್ತು, ನಾಯಿ ಕಾಣುತ್ತಿರಲಿಲ್ಲ. ಅದರ ಉಸಿರು ಮಾತ್ರ ಕೇಳುತ್ತಿತ್ತು. ಗರಗಸ ಎಳೆದ ಹಾಗೆ.

"ಅಜ್ಜೀ, ಡೂಕಪ್ಪನಿಗೆ ನೀರು ಹಾಕೋ ಹೊತ್ತಾಯ್ತು."

"ಆಂ?"

"ನೀರು! ಗೋಣಿಗೆ ನೀರು ಹಾಕಬೇಕು. ಅಮ್ಮಂಗೆ ಹೇಳು!"

"ಮೆಲ್ಲಗೆ ಮಾತಾಡೇ, ಗಂಡಸರು ಓಡಾಡ್ತಾವ್ರೆ. ಹೇಳಿ ಬರ್ತೀನಿ ತಡಿ," ಅಂತ ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಹೋದಳು.

ಹೋದವಳು ಬರಲಿಲ್ಲ. ಒಳಗೆ ಕೈ ಸಾಲದು, ಅಜ್ಜಿ ಬಾಗಿಲಿಗೆ ಬಂದದ್ದೇ ತಡ ಯಾರೋ ಕೈತೊಳೆಸಿ ಅವಳ ಮುಂದೆಯೂ ಒಂದು ತಟ್ಟೆ ಇಟ್ಟರಂತೆ. ಕೈಯಲ್ಲಿ ಹುಳ ಹಿಡಿದ ಮೇಲೆ ಅಜ್ಜಿಗೆ ಬೇರೆ ಏನೂ ನೆನಪಿರುವುದಿಲ್ಲ. ಇದು ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಒಂದೇ, ರಾಟೆ ಸದ್ದು ಮಾಡಲಿಲ್ಲ. ಕಾದೆ. ಅಮ್ಮಾ ಅಂತ ಒಂದು ಸಲ ಕರೆದೆ, ಜೋರಾಗಿ ಅಲ್ಲ. ಇನ್ನೊಂದು ಸಲ ಕರೆದೆ. ಉಸಿರಿನ ಸದ್ದು ಬದಲಾಯಿತು, ನಡುವೆ ನಡುವೆ ನಿಂತು ನಿಂತು ಬರತೊಡಗಿತು. ಬಾವಿ ನನ್ನಿಂದ ಹತ್ತು ಹೆಜ್ಜೆ. ನೀರು ತುಂಬಿದ ಚೊಂಬು ನನ್ನ ಪಕ್ಕದಲ್ಲೇ ಇತ್ತು. ಕಾವಲಿಗೆ ಯಾರೂ ಇರಲಿಲ್ಲ. ಒನಕೆ ನನ್ನ ಮೊಣಕಾಲಷ್ಟು ಎತ್ತರ ಕೂಡ ಇರಲಿಲ್ಲ, ನೆಲದ ಮೇಲೆ ಮಲಗಿದ್ದ ಒಂದು ಕಟ್ಟಿಗೆ. ಹುಳಕ್ಕೆ ರೋಗ ಬರುತ್ತದೆ ಅಂತ ಹೆದರಿ ಕೂತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ಹೊತ್ತಿನಲ್ಲಿ ನನಗೆ ಹುಳದ ನೆನಪೂ ಇರಲಿಲ್ಲ, ಅಪ್ಪನ ನೆನಪೂ ಇರಲಿಲ್ಲ. ಕೂರು ಅಂದಿದ್ದರು, ಕೂತಿದ್ದೆ. ಮೈಯೆಲ್ಲ ಜೋಮು ಹಿಡಿದಿತ್ತು. ಚೊಂಬಿನ ಮೇಲೆ ಒಂದು ಇರುವೆ ಸುತ್ತು ಹಾಕುತ್ತಿತ್ತು, ಅದನ್ನು ನೋಡುತ್ತಿದ್ದೆ. ಅದು ಮೂರು ಸುತ್ತು ಹಾಕಿದ್ದು ನೆನಪಿದೆ. ಆಮೇಲೆ ಬಣವೆಯ ಕಡೆಯಿಂದ ಸದ್ದು ನಿಂತಿತು. ಯಾರೋ ನೀರು ಹಾಕಿರಬೇಕು ಅಂದುಕೊಂಡೆ. ಯಾರೂ ಹಾಕಿಲ್ಲ ಅಂತ ನನಗೆ ಗೊತ್ತಿತ್ತು.

ಸಂಜೆ ಕರು ಕಟ್ಟಲು ಬಂದ ಅಪ್ಪನಿಗೆ ಸಿಕ್ಕಿತು. ಅವರು "ಅಯ್ಯೋ" ಅಂದದ್ದು ಕೇಳಿಸಿತು, ಬಹಳ ಸಣ್ಣಗೆ. ಆಮೇಲೆ ಅಮ್ಮನ ಕಾಲಸಪ್ಪಳ, ಅಜ್ಜಿಯ ಕಾಲಸಪ್ಪಳ, ಪಿಸುಮಾತು. ಆಮೇಲೆ ಸನಿಕೆಯಿಂದ ಮಣ್ಣು ತೆಗೆಯುವ ಸದ್ದು, ಬಹಳ ಹೊತ್ತು, ನೆಲ ಗಟ್ಟಿ. ನನಗೆ ಯಾರೂ ಏನೂ ಹೇಳಲಿಲ್ಲ. ಮೈನೆರೆದ ಹುಡುಗಿಗೆ ಸಾವಿನ ಸುದ್ದಿ ಹೇಳಬಾರದಂತೆ. ಅಜ್ಜಿ ಚಿಗಳಿ ಉಂಡೆ ತಂದು ಒನಕೆಯ ಆಚೆಯಿಂದ ನನ್ನ ಕೈಗೆ ಹಾಕಿದಳು.

"ತಿನ್ನಮ್ಮ. ಸೊಂಟಕ್ಕೆ ಬಲ ಬರ್ತದೆ."

ತಿಂದೆ. ಎಳ್ಳು ಹದವಾಗಿ ಹುರಿದಿತ್ತು, ಬೆಲ್ಲ ಚೆನ್ನಾಗಿತ್ತು. ಎರಡು ತಿಂದು ಇನ್ನೊಂದು ಕೇಳಿದೆ. ಅಳು ಬರಲಿಲ್ಲ. ಬರಲಿ ಅಂತ ಕಾದೆ, ಆ ರಾತ್ರಿಯೂ ಮರುದಿನವೂ. ಉಗುರಿನಿಂದ ತೊಡೆ ಚಿವುಟಿಕೊಂಡರೆ ನೋವಾಗುತ್ತಿತ್ತು, ಅಷ್ಟೇ. ಅದರ ಮಾರನೆಯ ದಿನ ಅಮ್ಮ ಬಂದು ಗುಡ್ಲ ಮುಂದೆ ಕೂತು, ಏನೋ ಹೇಳಲು ಬಾಯಿ ತೆರೆದು, ತಲೆಗೆ ಎಣ್ಣೆ ಹಚ್ಚಿಕೊಂಡೆಯಾ ಅಂತ ಕೇಳಿ ಎದ್ದು ಹೋದಳು. ನಾನು ಡೂಕಪ್ಪ ಎಲ್ಲಿ ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ಅತ್ತೂ ಬಿಡುತ್ತಿದ್ದಳು ಅಂತ ಈಗ ಅನ್ನಿಸುತ್ತದೆ. ಒಂಬತ್ತನೆಯ ದಿನ ಒನಕೆ ತೆಗೆದರು. ನೀರು ಹಾಕಿದರು, ಸೀರೆ ಉಡಿಸಿದರು, ಐದು ಜನ ಮುತ್ತೈದೆಯರು ಆರತಿ ಎತ್ತಿ ಹಾಡು ಹೇಳಿದರು. ಒಣಗಿದ ಗುಡ್ಲನ್ನು ಮಾವ ಬಂದು ಸುಟ್ಟ. ಆ ಸಲದ ಗೂಡು ಗಟ್ಟಿಯಾಗಿ ಬಂದಿತ್ತು. ನೋಡಿದವರೆಲ್ಲ ಹೊಗಳಿದರು, ಅಮ್ಮ ಯಾರ ಹೊಗಳಿಕೆಗೂ ನಗಲಿಲ್ಲ. ಮಧ್ಯಾಹ್ನವಾದರೆ ನನ್ನ ಕೈ ತಾನಾಗಿ ರಾಟೆಯ ಹಗ್ಗದ ಕಡೆ ಹೋಗುತ್ತಿತ್ತು. ಒಂದು ಕೊಡ ಸೇದಿ ನುಗ್ಗೆ ಗಿಡಕ್ಕೆ ಹಾಕಿ ಒಳಗೆ ಬರುತ್ತಿದ್ದೆ. ಅಮ್ಮ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಮಳೆ ಹಿಡಿಯುವ ಮೊದಲು, ಹೇಳಿದ ಮಾತಿನಂತೆ, ದೊರೆಸಾನಿಯ ಕಾರು ಬಂತು. ಅದೇ ಡ್ರೈವರ್. ಕಾರಿನ ಹಿಂದಿನ ಸೀಟಿನ ಮೇಲೆ ಒಂದು ಕಂಬಳಿ ಹಾಸಿತ್ತು, ನಾಯಿಗೆ. ಅವಳು ಇಳಿದು ಎರಡು ಸಲ ಡ್ಯೂಕ್ ಡ್ಯೂಕ್ ಅಂತ ಕರೆದಳು. ನಾವು ನಾಲ್ವರೂ ಜಗುಲಿಯ ಮೇಲೆ ನಿಂತಿದ್ದೆವು. ಬರುತ್ತಾಳೆ ಅಂತ ಎಲ್ಲರಿಗೂ ಗೊತ್ತಿತ್ತು, ಏನು ಹೇಳಬೇಕು ಅಂತ ಯಾರೂ ಮಾತಾಡಿಕೊಂಡಿರಲಿಲ್ಲ. ಅಪ್ಪ ಹೆಗಲ ಮೇಲಿನ ಟವಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಾಯಿ ಹೋಗಿಬಿಡ್ತು ಅಂತ ಹೇಳಪ್ಪ ಅಮ್ಮಾವ್ರಿಗೆ," ಅಂದರು ಡ್ರೈವರ್‌ಗೆ. "ಬಿಸಿಲು ತಡೀಲಿಲ್ಲ."

ಅವನು ಹೇಳಿದ. ಅವಳು ಅಲ್ಲೇ ನಿಂತಳು. ಕೂಗಾಡುತ್ತಾಳೆ, ಪೊಲೀಸು ಅನ್ನುತ್ತಾಳೆ ಅಂತ ಅಮ್ಮ ನನ್ನ ಸೀರೆಯ ಅಂಚು ಹಿಡಿದುಕೊಂಡಿದ್ದಳು. ದೊರೆಸಾನಿ ಸಣ್ಣ ದನಿಯಲ್ಲಿ ಏನೋ ಕೇಳಿದಳು. ಡ್ರೈವರ್ ನಮ್ಮ ಕಡೆ ತಿರುಗಿದ.

"ಸಾಯುವಾಗ ಅದರ ಹತ್ತಿರ ಯಾರಿದ್ದರು ಅಂತ ಕೇಳ್ತಾ ಇದ್ದಾರೆ."

ನಾನು ಅಪ್ಪನ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ, ಆದರೆ ಕೈ ಮಾತ್ರ ನನ್ನ ಭುಜದ ಮೇಲೆ ಬಂತು.

"ನಮ್ಮ ಮಗಳು ಇದ್ಲು ಅಂತ ಹೇಳು. ಕೊನೇವರ್ಗೂ ನೀರು ಹಾಕ್ತಾನೇ ಇದ್ಲು. ಇವಳ ತೊಡೆ ಮೇಲೇ ಪ್ರಾಣ ಬಿಡ್ತು."

ಡ್ರೈವರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ದೊರೆಸಾನಿ ಜಗುಲಿ ಹತ್ತಿ ಬಂದಳು. ನನ್ನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಅದಕ್ಕೆ ಹಣೆ ಒತ್ತಿ, ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಬೆರಳೆಲ್ಲ ಒದ್ದೆಯಾಯಿತು. ಆಮೇಲೆ ತಲೆಯೆತ್ತಿ, ಕೆಂಪಗಾದ ಕಣ್ಣಿನಿಂದ ನನ್ನನ್ನೇ ನೋಡುತ್ತ ಏನೋ ಕೇಳಿದಳು.

"ನಿಜವಾಗಿಯೂ ನೀನು ಅದರ ಜೊತೆ ಇದ್ದೆಯಾ ಅಂತಾರೆ," ಅಂದ ಡ್ರೈವರ್.

ನಾನು ಹೌದು ಅಂತ ತಲೆಯಾಡಿಸಿದೆ.